ಬೂಸ್ಟು ಹಿಡಿದ ಗೋಡೆಗೆ ಬಣ್ಣ ಮದ್ದಲ್ಲ

ಮಲಗುವ ಕೋಣೆಯ ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆದು, ಹಿಂದಿನ ಗೋಡೆಗೆ ಟಾರ್ಚ್ ಹಿಡಿದು ನೋಡಿ. ಬೆಳಕು ನೇರವಾಗಿ ಬೀಳುವುದು ಬೇಡ, ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗಲಿ. ಯಲಹಂಕ ಉಪನಗರದ ಹಳೆಯ ಹೌಸಿಂಗ್ ಬೋರ್ಡ್ ಮನೆ ಇರಬಹುದು, ಆರ್.ಟಿ. ನಗರದ 30×40 ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟ ಮನೆ ಇರಬಹುದು, ಹೆಬ್ಬಾಳದ ಹೊಸ ಅಪಾರ್ಟ್‌ಮೆಂಟೇ ಇರಬಹುದು. ಗೋಡೆಗೆ ತೇವ ಹತ್ತಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಕಾಣುವುದು ಹೆಚ್ಚುಕಡಿಮೆ ಒಂದೇ. ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ದುಂಡಗೆ ಹಬ್ಬಿ, ಒಂದಕ್ಕೊಂದು ಕೂಡಿಕೊಂಡು, ಮೂಲೆಯ ಕಡೆ ಹೋದಂತೆ ದಟ್ಟವಾಗಿರುತ್ತವೆ. ಬೀರುವಿನ ಬೆನ್ನಿಗೂ ಬೂದು ಬಣ್ಣದ ಪುಡಿ ಮೆತ್ತಿರುತ್ತದೆ. ಬಾಗಿಲು ತೆಗೆದರೆ ಸೀರೆಯ ಮಡಿಕೆಗಳಿಂದ ಮುಗ್ಗಲು ವಾಸನೆ.

ಇದನ್ನು ನಾವು ಬಟ್ಟೆಯಲ್ಲಿ ಒರೆಸಿ ಮರೆತುಬಿಡುತ್ತೇವೆ. ಮತ್ತೆ ಬಂದರೆ ಪೇಂಟರ್‌ನನ್ನು ಕರೆಸುತ್ತೇವೆ. ಮನೆಯ ಅಂದಚೆಂದದ ಖಾತೆಯಲ್ಲಿ ಇಟ್ಟಿರುವ ಈ ಸಂಗತಿಯನ್ನು ಆರೋಗ್ಯದ ಖಾತೆಗೆ ತರಬೇಕು ಎಂಬುದಷ್ಟೇ ಈ ಬರಹದ ಉದ್ದೇಶ, ಹೆದರಿಸುವುದಲ್ಲ. ಬೂಸ್ಟಿನ ವಿಷಯದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಜೊತೆಜೊತೆಗೇ ಬೆಳೆದಿವೆ. ಅದರಿಂದ ಏನೂ ಆಗುವುದಿಲ್ಲ, ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ ಎನ್ನುವವರು ಒಂದು ಕಡೆ. ಗೋಡೆಯ ಮೇಲೆ ಕಪ್ಪು ಕಂಡ ಕೂಡಲೇ ಪ್ರಾಣಕ್ಕೆ ಕುತ್ತು ಎಂದು ಗಾಬರಿಯಾಗುವವರು ಇನ್ನೊಂದು ಕಡೆ. ವೈದ್ಯವಿಜ್ಞಾನ ಈ ಇಬ್ಬರ ಮಾತನ್ನೂ ಒಪ್ಪುವುದಿಲ್ಲ.

ಬೂಸ್ಟು ಒಂದು ಶಿಲೀಂಧ್ರ. ಅದರ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನಾವು ಉಸಿರಾಡುವ ಗಾಳಿಯಲ್ಲಿ ವರ್ಷವಿಡೀ ಇರುತ್ತವೆ. ಕಿಟಕಿಯ ಚೌಕಟ್ಟಿನಲ್ಲಿ, ಬಾತ್‌ರೂಮಿನ ಸೀಲಿಂಗಿನಲ್ಲಿ ಹಸಿರುಗಪ್ಪಾಗಿ ಹಬ್ಬುವುದು ಬಹುತೇಕ ಕ್ಲಾಡೋಸ್ಪೋರಿಯಂ. ಚರ್ಮದ ಬೆಲ್ಟು, ಚಪ್ಪಲಿ, ಹಳೆಯ ಪುಸ್ತಕ, ಬ್ರೆಡ್ಡಿನ ಮೇಲೆ ನೀಲಿ ಹಸಿರಾಗಿ ಏಳುವುದು ಸಾಮಾನ್ಯವಾಗಿ ಪೆನಿಸಿಲಿಯಂ ಇಲ್ಲವೇ ಆಸ್ಪರ್ಜಿಲಸ್. ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಚೀಲಗಟ್ಟಲೆ ಬರುವ ಈರುಳ್ಳಿಯ ಹೊರಸಿಪ್ಪೆಯಡಿ ಕಾಡಿಗೆಯ ಪುಡಿ ಉದುರುತ್ತದಲ್ಲ, ಅದು ಆಸ್ಪರ್ಜಿಲಸ್ ನೈಗರ್. ಅದೇ ಶಿಲೀಂಧ್ರ ನಮ್ಮ ಗೋಡೆಗಳ ಮೇಲೂ ಬೆಳೆಯುತ್ತದೆ. ಅಂತರ್ಜಾಲದಲ್ಲಿ ಎಲ್ಲರನ್ನೂ ಬೆದರಿಸುವ ಸ್ಟ್ಯಾಕಿಬಾಟ್ರಿಸ್ ಬೇರೆ ಜಾತಿ. ಅದಕ್ಕೆ ಬಹುಕಾಲ ನೆನೆದ ಕಾಗದ, ಜಿಪ್ಸಂ ಬೋರ್ಡಿನಂಥ ನಾರಿನ ವಸ್ತು ಬೇಕು. ಸಿಮೆಂಟು ಗಾರೆಯ ಗೋಡೆಗಿಂತ ಅಮೆರಿಕದ ಹಲಗೆ ಮನೆಗಳಲ್ಲಿ ಅದಕ್ಕೆ ಅನುಕೂಲ ಜಾಸ್ತಿ. ನಮ್ಮಲ್ಲಿ ಫಾಲ್ಸ್ ಸೀಲಿಂಗ್ ಹಾಕಿಸಿದ ಮನೆಗಳು ಮಾತ್ರ ಈ ವಿಷಯದಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಮೇಲಿನ ಮನೆಯ ಬಾತ್‌ರೂಮ್ ಸೋರಿದರೆ ಆ ಬೋರ್ಡು ಒಳಗೊಳಗೇ ನೆನೆದು, ಕೆಳಗಿನವರಿಗೆ ತಿಂಗಳುಗಟ್ಟಲೆ ಸುಳಿವೇ ಸಿಗದಿರಬಹುದು.

ಬಣ್ಣ ನೋಡಿ ಯಾವ ಬೂಸ್ಟು ಎಂದು ಹೇಳಲಾಗದು. ಹೇಳುವ ಅಗತ್ಯವೂ ಇಲ್ಲ. ಯಾವ ಜಾತಿಯಾದರೂ ಮಾಡಬೇಕಾದ ಕೆಲಸ ಒಂದೇ ಆಗಿರುವುದರಿಂದ, ಗೋಡೆಯ ಬೂಸ್ಟನ್ನು ಲ್ಯಾಬಿಗೆ ಕಳುಹಿಸಲು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಬೀಜಾಣು ಎಲ್ಲೆಲ್ಲೂ ಇದೆ ಎಂದಮೇಲೆ ಎಲ್ಲ ಗೋಡೆಗೂ ಏಕೆ ಹಿಡಿಯುವುದಿಲ್ಲ? ಅದು ಬೇರೂರಲು ತಿನ್ನುವುದಕ್ಕೆ ಏನಾದರೂ ಬೇಕು. ದೂಳು, ಪೇಂಟಿನೊಳಗಿನ ಅಂಟು, ಪ್ಲೈವುಡ್ಡು ಸಾಕು. ಹದವಾದ ಬಿಸಿ ಬೇಕು. ಬೆಂಗಳೂರಿನ ಹವೆ ನಮಗೆ ಹಿತವಾಗಿರುವಷ್ಟೇ ಅದಕ್ಕೂ ಹಿತ. ಇನ್ನುಳಿದದ್ದು ನೀರು. ಮೊದಲ ಎರಡನ್ನು ಯಾವ ಮನೆಯಿಂದಲೂ ಹೊರಹಾಕಲಾಗದು. ನೀರೊಂದೇ ನಮ್ಮ ಹಿಡಿತದಲ್ಲಿರುವುದು.

ಎಷ್ಟೋ ಸಲ ಆ ನೀರು ಸೋರಿಕೆಯಿಂದ ಬಂದಿರುವುದೇ ಇಲ್ಲ, ಕೋಣೆಯ ಗಾಳಿಯಿಂದಲೇ ಬಂದಿರುತ್ತದೆ. ಗಾಳಿ ಬೆಚ್ಚಗಿದ್ದಾಗ ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ, ತಣ್ಣಗಾದಂತೆ ಅದರ ಶಕ್ತಿ ಕುಗ್ಗುತ್ತದೆ. ಆಗಸ್ಟಿನ ಒಂದು ರಾತ್ರಿ ನಿಮ್ಮ ಕೋಣೆಯಲ್ಲಿ 23 ಡಿಗ್ರಿ ಉಷ್ಣತೆ, ಶೇ 70ರಷ್ಟು ತೇವಾಂಶ ಇದೆ ಎಂದುಕೊಳ್ಳಿ. ಇದು ತೀರಾ ಹೆಚ್ಚೇನಲ್ಲ. ಆದರೆ ಮಳೆಗೆ ಒಡ್ಡಿಕೊಂಡ ಹೊರಗೋಡೆಯ ಒಳಮೈ 20 ಡಿಗ್ರಿಗೆ ತಣ್ಣಗಾಗಿದ್ದರೆ, ಅದೇ ಗಾಳಿ ಆ ಗೋಡೆಯನ್ನು ತಾಗುವ ಜಾಗದಲ್ಲಿ ತೇವಾಂಶ ಶೇ 84 ದಾಟುತ್ತದೆ. ಗೋಡೆಯ ಮೈಯಲ್ಲಿ ಶೇ 80ರಷ್ಟು ತೇವ ದಿನಗಟ್ಟಲೆ ನಿಂತರೆ ಬೂಸ್ಟಿಗೆ ಅಷ್ಟೇ ಸಾಕು, ಹನಿ ಮೂಡಬೇಕೆಂದೇನಿಲ್ಲ. ಗೋಡೆ ಇನ್ನೂ ತಣ್ಣಗಿದ್ದರೆ ಫ್ರಿಜ್ಜಿನಿಂದ ತೆಗೆದಿಟ್ಟ ಸ್ಟೀಲ್ ಚೊಂಬು ಬೆವರುವಂತೆ ಅದೂ ಬೆವರುತ್ತದೆ. ಬೀರುವಿನ ಹಿಂದೆ, ಮಂಚದ ತಲೆಹಲಗೆಯ ಹಿಂದೆ ಗಾಳಿ ಆಡುವುದಿಲ್ಲ. ಅಲ್ಲಿ ಗೋಡೆ ಬಿಸಿಯಾಗುವುದೂ ಇಲ್ಲ, ಒಣಗುವುದೂ ಇಲ್ಲ. ಕೋಣೆಯ ಉಳಿದ ಗೋಡೆಗಳು ಚೆನ್ನಾಗಿದ್ದು ಅಲ್ಲಿ ಮಾತ್ರ ಕಪ್ಪು ಹಿಡಿಯುವುದು ಇದಕ್ಕೇ.

ಆ ನೀರಾವಿ ಎಲ್ಲಿಂದ ಬರುತ್ತದೆ ಎಂದರೆ, ನಮ್ಮಿಂದಲೇ. ನಾಲ್ಕು ಜನರ ಸಂಸಾರ ಉಸಿರಾಡಿ, ಸ್ನಾನ ಮಾಡಿ, ಅಡುಗೆ ಮಾಡಿ, ನೆಲ ಒರೆಸಿ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಮನೆಯ ಗಾಳಿಗೆ ಸೇರಿಸುತ್ತದೆ. ಮಳೆ ಬಿಡದ ದಿನಗಳಲ್ಲಿ ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಫ್ಯಾನಿನಡಿ ಬಟ್ಟೆ ಒಣಹಾಕುವುದು ನಮ್ಮಲ್ಲಿ ರೂಢಿ. ವಾಷಿಂಗ್ ಮೆಷಿನ್ನಿನ ಒಂದು ಸುತ್ತಿನ ಬಟ್ಟೆಯಿಂದ ಸುಮಾರು 2 ಲೀಟರ್ ನೀರು ಆ ಕೋಣೆಯ ಗಾಳಿಗೆ ಹೋಗುತ್ತದೆ. ಬಟ್ಟೆ ಒಣಗಿತು ಎಂದು ನಾವು ಮಡಿಸಿಡುತ್ತೇವೆ. ಅದರ ನೀರಿನ ಒಂದು ಪಾಲು ಗೋಡೆಯಲ್ಲಿ ಉಳಿದಿರುತ್ತದೆ.

ಇನ್ನುಳಿದ ನೀರು ಹೊರಗಿನದು. ಉತ್ತರ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇದರ ದಾರಿಗಳು ಮನೆ ಕಟ್ಟಿದ ರೀತಿಯಲ್ಲೇ ಅಡಗಿವೆ. ಮತ್ತಿಕೆರೆ, ಯಶವಂತಪುರ, ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಎರಡು ಮನೆಗಳ ನಡುವೆ ಒಂದು ಅಡಿ ಸಂದು ಬಿಟ್ಟಿರುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಗಾರೆ ಕೆಲಸದವರು ನಿಲ್ಲಲು ಜಾಗವೇ ಇರುವುದಿಲ್ಲ. ಹಾಗಾಗಿ ಆ ಮಗ್ಗುಲಿನ ಗೋಡೆ ಪ್ಲಾಸ್ಟರ್ ಕಾಣದೆ ಬರೀ ಸಿಮೆಂಟ್ ಬ್ಲಾಕ್ ಆಗಿಯೇ ಉಳಿದಿರುತ್ತದೆ. ಆರು ಇಂಚಿನ ಬ್ಲಾಕು, ಅದರ ಕೂಡುಗೆರೆಗಳಲ್ಲಿ ಬಿರುಕು, ಮೇಲೆ ಪಕ್ಕದ ಮನೆಯ ತಾರಸಿಯ ಪೈಪಿನಿಂದ ಧಾರೆಧಾರೆ ನೀರು, ಬಿಸಿಲಂತೂ ಎಂದೂ ಇಲ್ಲ. ಒಳಗಡೆ ಎಷ್ಟು ಪುಟ್ಟಿ ಹಚ್ಚಿದರೂ ಆ ಗೋಡೆ ಒಣಗುವುದಾದರೂ ಹೇಗೆ? ಇದರ ಜೊತೆಗೆ ಗೋಡೆಗೆ ಅಂಟಿಕೊಂಡ ಸಂಪಿನ ಒಸರು, ತಾರಸಿಯ ಮೇಲಿನ ಟ್ಯಾಂಕು ತುಂಬಿ ಹರಿದದ್ದು, ಬಾತ್‌ರೂಮಿನ ಟೈಲ್ಸ್ ಸಂದಿನಿಂದ ಇಳಿದದ್ದು, ಪಾಯದಿಂದ ಮೇಲೇರುವ ನೆಲದ ತೇವ.

ಒಳಗಿನ ನೀರೋ ಹೊರಗಿನ ನೀರೋ ತಿಳಿಯಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅನುಮಾನ ಇರುವ ಗೋಡೆಯ ಒಂದು ಅಡಿ ಚದರವನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಂಡು ಅದರ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ನುಸುಳದಂತೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಫಾಯಿಲ್‌ನ ನಮ್ಮ ಕಡೆಯ ಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಬಿಚ್ಚಿದಾಗ ಗೋಡೆಯ ಕಡೆಯ ಮೈಯಲ್ಲಿ ಹನಿಗಳಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಪೈಪಿನ ಸೋರಿಕೆಯ ಅನುಮಾನ ಇದ್ದರೆ ರಾತ್ರಿ ಎಲ್ಲ ನಲ್ಲಿಗಳನ್ನೂ ಕಟ್ಟಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿದರೆ ಉತ್ತರ ಸಿಗುತ್ತದೆ. ವಾಟರ್‌ಪ್ರೂಫಿಂಗ್‌ನವರಿಗೆ ಫೋನ್ ಮಾಡುವ ಮೊದಲು ಈ ಎರಡನ್ನು ಮಾಡಿಕೊಂಡರೆ ಸಾವಿರಾರು ರೂಪಾಯಿ ಉಳಿಯುತ್ತದೆ. ಒಳಗಿನ ಗಾಳಿಯ ತೇವಕ್ಕೆ ತಾರಸಿಯ ಮೇಲೆ ರಾಸಾಯನಿಕ ಬಳಿಸಿ ಪ್ರಯೋಜನವಿಲ್ಲ.

ಗೋಡೆಯ ಬುಡದಲ್ಲಿ ಬಿಳಿ ಹತ್ತಿಯ ಹಾಗೆ ಏಳುವುದೆಲ್ಲ ಬೂಸ್ಟಲ್ಲ ಎಂಬುದನ್ನೂ ಹೇಳಬೇಕು. ನೆಲದ ನೀರು ಗೋಡೆಯೊಳಗೆ ಏರಿ ಒಣಗುವಾಗ ಅದರಲ್ಲಿದ್ದ ಲವಣ ಹೊರಗೆ ಉಳಿದು ಹರಳುಗಟ್ಟುತ್ತದೆ. ಅದಕ್ಕೆ ನೀರು ಚಿಮುಕಿಸಿದರೆ ಕರಗಿಹೋಗುತ್ತದೆ; ಬೂಸ್ಟು ಕರಗುವುದಿಲ್ಲ, ಲೋಳೆಯಾಗಿ ಮೆತ್ತಿಕೊಳ್ಳುತ್ತದೆ. ಉಪ್ಪಿನಿಂದ ಶ್ವಾಸಕೋಶಕ್ಕೆ ತೊಂದರೆ ಇಲ್ಲ. ಆದರೆ ಗೋಡೆಯಲ್ಲಿ ನೀರು ಇದೆ ಎಂಬ ಸುದ್ದಿಯನ್ನು ಅದೂ ಹೇಳುತ್ತಿದೆ.

ಈಗ ಆರೋಗ್ಯದ ಮಾತು. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ಕರ್ನಾಟಕ ಸರ್ಕಾರ ಮ್ಯೂಕರ್‌ಮೈಕೋಸಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಾರ್ಡ್ ತೆರೆದರು. ಪತ್ರಿಕೆ, ಟಿವಿಗಳಲ್ಲೆಲ್ಲ ಕಪ್ಪು ಶಿಲೀಂಧ್ರ ಎಂಬ ಹೆಸರು ಓಡಾಡಿತು. ಈರುಳ್ಳಿಯ ಮೇಲಿನ ಕಪ್ಪು ಪುಡಿಯಿಂದ, ಫ್ರಿಜ್ಜಿನ ರಬ್ಬರಿನಲ್ಲಿರುವ ಕಪ್ಪಿನಿಂದ ಈ ರೋಗ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಹರಿದಾಡಿ ಜನ ಈರುಳ್ಳಿ ಮುಟ್ಟಲೂ ಹೆದರಿದರು. ಆ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ಮ್ಯೂಕರ್‌ಮೈಕೋಸಿಸ್ ತರುವುದು ರೈಜೋಪಸ್ ಮೊದಲಾದ, ಮಣ್ಣಿನಲ್ಲಿ, ಕೊಳೆತ ಸೊಪ್ಪುಸದೆಯಲ್ಲಿ ಇರುವ ಬೇರೆ ಗುಂಪಿನ ಶಿಲೀಂಧ್ರಗಳು. ಆಗ ಅದು ಮುಖ್ಯವಾಗಿ ಹಿಡಿದದ್ದು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಸ್ಟೀರಾಯ್ಡ್ ಹೆಚ್ಚಾಗಿ ತೆಗೆದುಕೊಂಡವರನ್ನು. ಗೋಡೆಯ ಕಪ್ಪು ಚುಕ್ಕೆ ಆ ರೋಗವಲ್ಲ. ಆರೋಗ್ಯವಂತನ ದೇಹದೊಳಗೆ ಗೋಡೆಯ ಬೂಸ್ಟು ಬೇರು ಬಿಡುವುದಿಲ್ಲ. ಕೀಮೋಥೆರಪಿಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುತ್ತಿರುವವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಮಾತ್ರ ಅಂಥ ಕೋಣೆಯಲ್ಲಿ ಮಲಗಲೇಬಾರದು; ಅವರಿಗೆ ಆಸ್ಪರ್ಜಿಲಸ್‌ನ ಸೋಂಕು ನಿಜವಾದ ಅಪಾಯ.

ಹಾಗಾದರೆ ಉಳಿದವರಿಗೆ ಏನು? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಸ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು, ಆಸ್ತಮಾ ಹೆಚ್ಚು ಎಂಬುದು ಅದರ ಸಾರ. ಇಷ್ಟು ಬೂಸ್ಟಿದ್ದರೆ ಪರವಾಗಿಲ್ಲ ಎನ್ನುವ ಯಾವ ಮಿತಿಯನ್ನೂ ಅದು ಹಾಕಲಿಲ್ಲ. ತೇವವನ್ನೇ ತಡೆಯಿರಿ ಎಂದಿತು. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ, ನಡುರಾತ್ರಿಯ ಒಣಕೆಮ್ಮು ಬಹುಪಾಲು ಜನರಿಗೆ ಆಗುವ ತೊಂದರೆ. ಆಸ್ತಮಾ ಇರುವ ಮಕ್ಕಳಿಗೆ ಇದು ಬೆಂಕಿಗೆ ತುಪ್ಪ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ದಾಖಲೆಗಳನ್ನು ವರ್ಷಾನುಗಟ್ಟಲೆ ಕೂಡಿಹಾಕಿ, ಅವರಲ್ಲಿ ಆಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತೆಂದು ತೋರಿಸಿದ್ದರು. ಅದಕ್ಕೆ ಬೂಸ್ಟೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ವಾಹನಗಳ ಹೊಗೆ, ದೂಳು, ಪರಾಗ ಎಲ್ಲವೂ ಇವೆ. ಆದರೆ ಹೆಬ್ಬಾಳದ ಮೇಲ್ಸೇತುವೆಯ ಹೊಗೆಯನ್ನು ಒಬ್ಬ ತಾಯಿ ನಿಲ್ಲಿಸಲಾರಳು, ಮಗುವಿನ ಹಾಸಿಗೆಯ ಪಕ್ಕದ ಗೋಡೆಯನ್ನು ಒಣಗಿಸಬಲ್ಲಳು.

ನಮ್ಮ ಮನೆಗಳ ಇನ್ನೊಂದು ಅಭ್ಯಾಸವನ್ನೂ ಇಲ್ಲಿ ಹೇಳಲೇಬೇಕು. ಮುಗ್ಗಲು ವಾಸನೆ ಹೋಗಲೆಂದು ಕೋಣೆಯ ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವುದು, ಊದುಬತ್ತಿ ಹಚ್ಚುವುದು, ಬೀರುವಿನಲ್ಲಿ ನುಸಿಗುಳಿಗೆ ಇಡುವುದು. ವಾಸನೆಯನ್ನು ವಾಸನೆ ಮುಚ್ಚುತ್ತದೆ, ಬೂಸ್ಟು ಇದ್ದಲ್ಲೇ ಇರುತ್ತದೆ. ಉಬ್ಬಸದ ಮಗುವಿಗೆ ಆ ಹೊಗೆ ಎರಡನೆಯ ಪೆಟ್ಟು.

ವೈದ್ಯರಿಗೂ ಸುಲಭವಾಗಿ ಸಿಕ್ಕಿಬೀಳದ ಎರಡು ಕಾಯಿಲೆಗಳ ಬಗ್ಗೆ ಓದುಗರು ತಿಳಿದಿರುವುದು ಒಳ್ಳೆಯದು. ಒಂದನ್ನು ಎಬಿಪಿಎ ಎನ್ನುತ್ತಾರೆ. ಆಸ್ತಮಾ ಇರುವ ಕೆಲವರ ಶ್ವಾಸನಾಳದ ಕಫದಲ್ಲಿ ಆಸ್ಪರ್ಜಿಲಸ್ ನೆಲೆಯೂರಿ, ದೇಹ ಅದರ ವಿರುದ್ಧ ಅತಿಯಾಗಿ ಕೆರಳುತ್ತದೆ. ಕೆಮ್ಮು, ಜ್ವರ, ಕಂದು ಬಣ್ಣದ ಗಟ್ಟಿ ಕಫ, ಕೆಲವೊಮ್ಮೆ ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಮಚ್ಚೆ. ನಮ್ಮ ದೇಶದಲ್ಲಿ ಇಷ್ಟು ಕಂಡರೆ ಮೊದಲು ಮನಸ್ಸಿಗೆ ಬರುವುದು ಕ್ಷಯ. ಹಾಗಾಗಿ ಎಷ್ಟೋ ರೋಗಿಗಳು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಮೇಲೆ ನಿಜವಾದ ಕಾಯಿಲೆ ಹೊರಬೀಳುತ್ತದೆ. ಕಫದಲ್ಲಿ ಟಿಬಿ ರೋಗಾಣು ಸಿಗದಿದ್ದರೂ ಮಾತ್ರೆ ಆರಂಭಿಸಿದ್ದು, ಅದರಿಂದ ಗುಣ ಕಾಣದಿದ್ದರೆ, ಜೊತೆಗೆ ಹಳೆಯ ಆಸ್ತಮಾ ಇದ್ದರೆ, ಆಸ್ಪರ್ಜಿಲಸ್‌ಗೆ ಸಂಬಂಧಿಸಿದ ಐಜಿಇ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು, ಬೂಸ್ಟು ಅಥವಾ ಪಾರಿವಾಳದ ಹಿಕ್ಕೆಯ ದೂಳನ್ನು ಬಹುಕಾಲ ಉಸಿರಾಡಿ ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುವ ಕಾಯಿಲೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂದು ಅದರ ಹೆಸರು. ಜೈಪುರದ ಡಾ. ಶೀತು ಸಿಂಗ್ ಮತ್ತು ಸಂಗಡಿಗರು ದೇಶದ 19 ನಗರಗಳ 27 ಆಸ್ಪತ್ರೆಗಳಿಂದ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶ್ವಾಸಕೋಶದ ಅಂಗಾಂಶ ಹಾಳಾದ 1,084 ರೋಗಿಗಳ ಪೈಕಿ ಶೇ 47ರಷ್ಟು ಜನರಿಗೆ ಇದ್ದದ್ದು ಈ ಕಾಯಿಲೆ. ಅವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದರು. ಕೂಲರ್ ಎಂದರೆ ಉತ್ತರ ಭಾರತದ ವಸ್ತು ಎಂಬ ಕಾಲ ಹೋಯಿತು. 2024ರ ಬೇಸಿಗೆಯ ಸೆಖೆಯ ನಂತರ ನಮ್ಮ ಮನೆಗಳಿಗೂ ಅದು ಬರುತ್ತಿದೆ. ಅದರ ಹುಲ್ಲಿನ ಪ್ಯಾಡು ಸದಾ ಒದ್ದೆ, ಅದರ ಮೂಲಕ ಹಾದ ಗಾಳಿ ನೇರ ನಮ್ಮ ಮುಖಕ್ಕೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ತೊಳೆದು ಒಣಗಿಸಿ, ಪ್ರತಿ ಬೇಸಿಗೆಗೆ ಪ್ಯಾಡ್ ಬದಲಿಸುವಷ್ಟು ಶ್ರದ್ಧೆ ಇಲ್ಲದಿದ್ದರೆ ಕೂಲರ್ ಕೊಳ್ಳದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ. ಮೆಟ್ಟಿಲು ಹತ್ತಿದರೆ ಏದುಸಿರು, ವಾಸಿಯಾಗದ ಒಣಕೆಮ್ಮು ಇದ್ದವರು ಎದೆರೋಗ ತಜ್ಞರ ಹತ್ತಿರ ಹೋದಾಗ ಮನೆಯ ಗೋಡೆ, ಕೂಲರ್, ಬಾಲ್ಕನಿಯ ಪಾರಿವಾಳ ಎಲ್ಲವನ್ನೂ ಹೇಳಬೇಕು. ಕೇಳದಿದ್ದರೂ ಹೇಳಬೇಕು.

ಬಣ್ಣ ಬಳಿದು ಮುಚ್ಚುವುದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಒಂದು ಪ್ರಕರಣ ಸಾಕ್ಷಿ. ಸುಡಾನಿನಿಂದ ಬಂದ ಕುಟುಂಬವೊಂದು ಅಲ್ಲಿ ಬಾಡಿಗೆಯ ಸಣ್ಣ ಫ್ಲ್ಯಾಟಿನಲ್ಲಿತ್ತು. ಗೋಡೆಗೆ ಬೂಸ್ಟು ಹಿಡಿದಿದೆ ಎಂದು ಮಗುವಿನ ತಂದೆ 2017ರಲ್ಲೇ ದೂರು ಕೊಟ್ಟಾಗ ಮೇಲೆ ಪೇಂಟ್ ಬಳಿದುಕೊಳ್ಳಿ ಎಂಬ ಉತ್ತರ ಬಂತು. 2020ರ ಡಿಸೆಂಬರಿನಲ್ಲಿ ಅವರ ಎರಡು ವರ್ಷದ ಮಗ ಅವಾಬ್ ಇಷಾಕ್ ಉಸಿರಾಟದ ತೊಂದರೆಯಿಂದ ತೀರಿಕೊಂಡ. ಮನೆಯ ಬೂಸ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದೇ ಕಾರಣ ಎಂದು 2022ರ ನವೆಂಬರಿನಲ್ಲಿ ವಿಚಾರಣಾಧಿಕಾರಿ ತೀರ್ಮಾನಿಸಿದರು. ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಸಾಮಾಜಿಕ ವಸತಿಯ ಮನೆಗಳಲ್ಲಿ ಅಪಾಯಕಾರಿ ತೇವ, ಬೂಸ್ಟು ಕಂಡರೆ ಗೊತ್ತುಪಡಿಸಿದ ಅವಧಿಯೊಳಗೆ ಪರಿಶೀಲಿಸಿ ಸರಿಪಡಿಸಲೇಬೇಕೆಂಬ ನಿಯಮ 2025ರ ಅಕ್ಟೋಬರಿನಿಂದ ಜಾರಿಯಲ್ಲಿದೆ.

ನಮ್ಮಲ್ಲಿ ಅಂಥ ಕಾನೂನಿಲ್ಲ. ಬಾಡಿಗೆದಾರರು ಹೇಳಿದರೆ ಮಾಲೀಕರು ನೀವು ಕಿಟಕಿ ತೆಗೆಯುವುದಿಲ್ಲ ಎನ್ನುತ್ತಾರೆ. ಮಾಲೀಕರು ನೋಡಲು ಬಂದರೆ ಬಾಡಿಗೆದಾರರು ಕೋಣೆಯಲ್ಲಿ ಬಟ್ಟೆ ಒಣಹಾಕಿರುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇರಬಹುದು. ಹಿಂದೆ ಹೇಳಿದ ಫಾಯಿಲ್ ಪರೀಕ್ಷೆ ಇಲ್ಲೂ ಉಪಯೋಗಕ್ಕೆ ಬರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮಾಲೀಕ ಮಾಡಿಸಲು ಬಾಧ್ಯನಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಯಾವ ರಿಪೇರಿಗೆ ಮಾಲೀಕ ಬಾಧ್ಯ ಎಂಬುದು ಹೆಚ್ಚಾಗಿ ನಿಂತಿರುವುದು ಕರಾರಿನ ಮೇಲೆ. ನಮ್ಮ 11 ತಿಂಗಳ ಕರಾರುಗಳಲ್ಲಿ ಮನೆ ಬಿಡುವಾಗ ಪೇಂಟಿಂಗ್‌ಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಸಾಲು ತಪ್ಪದೆ ಇರುತ್ತದೆ. ಸೋರಿಕೆ, ತೇವದ ರಿಪೇರಿ ಯಾರದು ಎಂಬ ಸಾಲು ಇರುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಆ ಸಾಲನ್ನು ಬರೆಸಿಕೊಳ್ಳಿ. ಮನೆ ನೋಡಲು ಹೋದಾಗ ಹೊಸ ಪೇಂಟಿನ ವಾಸನೆ ಮೂಗಿಗೆ ಬಡಿದರೆ ವಾರ್ಡ್‌ರೋಬಿನ ಒಳಗಿನ ಹಲಗೆ, ಬಾತ್‌ರೂಮಿನ ಹಿಂಬದಿಯ ಗೋಡೆ, ಸಜ್ಜದ ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಿ.

ನೆರೆ ನುಗ್ಗಿದ ಮನೆಯ ಕಥೆಯೇ ಬೇರೆ. ಯಲಹಂಕ ಕೆರೆಯ ತಗ್ಗಿನಲ್ಲಿರುವ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದಲ್ಲಿ 600ಕ್ಕೂ ಹೆಚ್ಚು ಮನೆಗಳಿವೆ. 2021ರ ನವೆಂಬರಿನಲ್ಲಿ ಕೆರೆ ಉಕ್ಕಿ ಅಲ್ಲಿನ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದರು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಆಯಿತು. ನಿವಾಸಿಗಳಿಗೆ ಕೆಲವು ದಿನ ಮನೆ ತೆರವು ಮಾಡಲು ಹೇಳಬೇಕಾಯಿತು. ಇಂಥ ಕಡೆ ಎರಡನೆಯ ಅಪಾಯ ಶುರುವಾಗುವುದು ನೀರು ಇಳಿದ ಮೇಲೆ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಸ್ಟು ಏಳುತ್ತದೆ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಲೆಕ್ಕ. ಕರೆಂಟಿಲ್ಲದೆ ಬೀಗ ಹಾಕಿದ ಮನೆಯಲ್ಲಿ ಆ ಗಡುವು ಯಾರಿಗೂ ಕಾಯದೆ ಕಳೆದುಹೋಗುತ್ತದೆ. 2005ರ ಕತ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಪರಿಶೀಲಿಸಿದ 112 ಮನೆಗಳ ಪೈಕಿ 51ರಲ್ಲಿ ಬೂಸ್ಟು ಕಣ್ಣಿಗೆ ಕಾಣುವಂತೆ ಬೆಳೆದಿತ್ತು. ನೆರೆಯಲ್ಲಿ ನೆನೆದ ಹತ್ತಿಯ ಹಾಸಿಗೆ, ದಿಂಬು, ಸೋಫಾ, ಪ್ಲೈವುಡ್ಡಿನ ಕಪಾಟನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಆಸೆ ಬೇಡ. ಅದರೊಳಗೆ ಇಳಿದಿರುವುದು ಬರೀ ಮಳೆನೀರಲ್ಲ, ಚರಂಡಿಯ ನೀರು. ಪರಿಹಾರದ ಹಣ ಲೆಕ್ಕ ಹಾಕುವವರು ಪಾತ್ರೆ, ಫ್ರಿಜ್ಜುಗಳ ಜೊತೆ ಹಾಸಿಗೆಯನ್ನೂ, ಗೋಡೆ ಒಣಗಿಸುವ ಖರ್ಚನ್ನೂ ಸೇರಿಸುವುದು ನ್ಯಾಯ.

ಸಾಮಾನ್ಯ ಮನೆಯ ಬೂಸ್ಟನ್ನು ತೆಗೆಯುವುದು ಕಷ್ಟವಲ್ಲ. ಮೂರು ಅಡಿ ಉದ್ದ ಮೂರು ಅಡಿ ಅಗಲದೊಳಗೆ ಇದ್ದರೆ ಮನೆಯವರೇ ಮಾಡಬಹುದು. ಮೂಗಿಗೆ ಎನ್‌95 ಮಾಸ್ಕು, ಕೈಗೆ ಗವಸು. ಆಸ್ತಮಾ ಇರುವವರು, ಮಕ್ಕಳು ಆ ಹೊತ್ತು ಮನೆಯಿಂದ ಹೊರಗಿರಲಿ. ಒಣ ಪೊರಕೆಯಿಂದ ಗುಡಿಸುವುದು, ಒಣ ಬ್ರಷ್‌ನಿಂದ ಕೆರೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಂದು ಮೂಲೆಯಲ್ಲಿದ್ದ ಬೀಜಾಣು ಇಡೀ ಮನೆಗೆ ಹಾರುತ್ತದೆ. ಮೊದಲು ನೀರು ಚಿಮುಕಿಸಿ ತೇವ ಮಾಡಿ, ಬಟ್ಟೆ ಒಗೆಯುವ ಸೋಪಿನ ನೀರಿನಲ್ಲಿ ಉಜ್ಜಿ, ಒರೆಸಿದ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಆಮೇಲೆ ಫ್ಯಾನ್ ಇಟ್ಟು ಪೂರ್ತಿ ಒಣಗಿಸಿ. ಬ್ಲೀಚ್ ಬೇಕೇಬೇಕೆಂದಿಲ್ಲ. ಸತ್ತ ಬೂಸ್ಟು ಕೂಡ ಅಲರ್ಜಿ ತರುವುದರಿಂದ ಕೊಲ್ಲುವುದಕ್ಕಿಂತ ತೊಳೆದು ತೆಗೆಯುವುದು ಮುಖ್ಯ. ಬ್ಲೀಚ್ ಬಳಸಿದರೂ ಅದನ್ನು ಆಸಿಡ್ ಜೊತೆ, ಟಾಯ್ಲೆಟ್ ತೊಳೆಯುವ ದ್ರಾವಣದ ಜೊತೆ ಎಂದೂ ಬೆರೆಸಬೇಡಿ. ಅದರಿಂದ ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣ ತೆಗೆಯಬಲ್ಲದು.

ಅಡುಗೆಮನೆಯ ಬೂಸ್ಟಿನ ಬಗ್ಗೆ ಎರಡು ಮಾತು ಸಾಕು. ಈರುಳ್ಳಿಯ ಹೊರಪದರದ ಕಪ್ಪನ್ನು ಸುಲಿದು ತೊಳೆದು ಬಳಸಬಹುದು. ಬೂಸ್ಟು ಬಂದ ಕಡಲೆಕಾಯಿ ಬೀಜ, ಒಳಗೆ ಹಸಿರು ಹಿಡಿದ ಕೊಬ್ಬರಿ ಬಟ್ಟಲನ್ನು ಮಾತ್ರ ಕೆರೆದು, ಹುರಿದು ಚಟ್ನಿಪುಡಿಗೆ ಹಾಕುವುದು ಬೇಡ. ಆಸ್ಪರ್ಜಿಲಸ್ ಫ್ಲೇವಸ್ ಬಿಡುವ ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುವ ವಿಷ, ಮನೆಯ ಒಲೆಯ ಬಿಸಿಗೆ ಅದು ಪೂರ್ತಿ ನಾಶವಾಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಇನ್ನು ಬಣ್ಣದ ವಿಚಾರ. ಬೆಂಗಳೂರಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಅದರ ಬೆನ್ನಿಗೇ ಅಕ್ಟೋಬರ್. ಗೋಡೆಗಳು ಅತಿ ಹೆಚ್ಚು ನೀರು ಕುಡಿದಿರುವುದು ಆ ಎರಡು ತಿಂಗಳ ಕೊನೆಗೆ. ನಾವು ಮನೆಗೆ ಬಣ್ಣ ಹೊಡೆಸುವುದೋ, ದಸರಾ, ದೀಪಾವಳಿಗೆ. ಹಳೆಯ ಮನೆಗಳ ಸುಣ್ಣ ಹೇಗೋ ಉಸಿರಾಡುತ್ತಿತ್ತು. ಸುಣ್ಣದ ಕ್ಷಾರಕ್ಕೆ ಬೂಸ್ಟು ಅಷ್ಟು ಸುಲಭವಾಗಿ ಹತ್ತುತ್ತಿರಲಿಲ್ಲ, ಒಳಗಿನ ತೇವವೂ ಹೊರಬೀಳುತ್ತಿತ್ತು. ಇಂದಿನ ಎಮಲ್ಷನ್ ಒಂದು ತೆಳು ಪ್ಲಾಸ್ಟಿಕ್ ಪೊರೆ. ಒದ್ದೆ ಗೋಡೆಯ ಮೇಲೆ ಅದನ್ನು ಬಳಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ, ಸಂಕ್ರಾಂತಿಯ ಹೊತ್ತಿಗೆ ಪೊರೆ ಉಬ್ಬಿ ಸಿಪ್ಪೆ ಏಳುತ್ತದೆ, ಅದರ ಹಿಂದೆ ಮತ್ತೆ ಅದೇ ಕಪ್ಪು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ನಮ್ಮ ಒಣಹವೆ ಗೋಡೆ ಒಣಗಿಸಲು ಸಿಗುವ ಪುಕ್ಕಟೆ ಅವಕಾಶ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಎದುರುಬದುರು ಕಿಟಕಿಗಳನ್ನು ತೆರೆದಿಡಿ. ಮಳೆಗಾಲದಲ್ಲಿ ಮಳೆ ಸುರಿಯುವಾಗ ಕಿಟಕಿ ತೆರೆದರೆ ತೇವವೇ ಒಳಬರುತ್ತದೆ, ಬಿಸಿಲು ಬಿದ್ದ ಹೊತ್ತಿಗೆ ತೆರೆಯಿರಿ. ಆದರೆ ಸ್ನಾನದ, ಅಡುಗೆಯ ಆವಿಯನ್ನು ಎಕ್ಸಾಸ್ಟ್ ಫ್ಯಾನ್ ಹಾಕಿ ವರ್ಷವಿಡೀ ಹೊರದೂಡಬೇಕು. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಂಡರೆ ಶೇ 60 ದಾಟುತ್ತಿರುವುದು ಯಾವಾಗ ಎಂದು ತಿಳಿಯುತ್ತದೆ.

ಈ ವರ್ಷ ದೀಪಾವಳಿಗೆ ಪೇಂಟಿಗೆಂದು ಹಣ ಎತ್ತಿಟ್ಟಿದ್ದರೆ, ದಯವಿಟ್ಟು ಅದರಲ್ಲಿ ಮೊದಲು ತಾರಸಿಯ ಬಿರುಕು ಮುಚ್ಚಿಸಿ, ಸೋರುವ ಪೈಪು ಬದಲಿಸಿ, ಬಾತ್‌ರೂಮಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಬಣ್ಣವನ್ನು ಯುಗಾದಿಗೆ ಇಟ್ಟುಕೊಳ್ಳಿ. ಮನೆಯಲ್ಲಿ ಉಬ್ಬಸದ ಮಗು ಇದ್ದರೆ ಇದಾವುದಕ್ಕೂ ಕಾಯದೆ, ಅದರ ಹಾಸಿಗೆಯನ್ನು ತೇವದ ಕೋಣೆಯಿಂದ ಇವತ್ತೇ ಬೇರೆ ಕೋಣೆಗೆ ಹಾಕಿ.